ಕೋಟೆಯೊಳಗೆ ಷೂ ಬಿಚ್ಚಿದ್ದು

ತೊಂಬತ್ತರ ದಶಕದಲ್ಲೊಮ್ಮೆ ವಾಷಿಂಗ್ಟನ್ನಿನಿಂದ ಊರಿಗೆ ಹೊರಟವರು ದಾರಿಯಲ್ಲಿ ಮೂರು ದಿನ ಇಂಗ್ಲೆಂಡಿನಲ್ಲಿ ಇಳಿದೆವು: ನಾನು, ಹೆಂಡತಿ, ಅಲ್ಲೇ ಹತ್ತಿರದ ರೆಸ್ಟನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಅವಳ ತಮ್ಮ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ವಾಷಿಂಗ್ಟನ್ ಪಕ್ಕದ ಕೊಲಂಬಿಯಾ ಅನ್ನೋ ಊರಿನ ಮನೆಗಳಲ್ಲಿ ಬಚ್ಚಲು, ಕಕ್ಕಸು ಕಟ್ಟಿ ಬದುಕಿದವನು. ನಾನು ಕೂರಿಸಿದ ಟೈಲ್ಸು ಒಂದೂ ಅಲುಗಿದ್ದಿಲ್ಲ. ಆದರೆ ಭಾಮೈದ ಯಾರಿಗೆ ಪರಿಚಯಿಸುವಾಗಲೂ "ಭಾವ ಕನ್‌ಸ್ಟ್ರಕ್ಷನ್ ಲೈನಲ್ಲಿದಾರೆ" ಎಂದು ತೇಲಿಸಿಬಿಡುತ್ತಿದ್ದ. ಹೆಂಡತಿಯೂ ಸುಮ್ಮನಿರುತ್ತಿದ್ದಳು. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ. ಈ ಸಲ ಯಾರಾದರೂ ಕೇಳಲಿ, ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದುಕೊಂಡಿದ್ದೆ.

ಎರಡನೆಯ ದಿನ ಹಾಳುಬಿದ್ದ ಒಂದು ಹಳೇ ಕೋಟೆಗೆ ಹೋದೆವು. ಸೂರಿಲ್ಲ, ಬಾಗಿಲಿಲ್ಲ, ಟಿಕೆಟ್ಟು ಮಾತ್ರ ಇತ್ತು. ದಪ್ಪ ಗೋಡೆಯೊಳಗೇ ಇದ್ದ ಒಂದು ಕತ್ತಲ ಗೂಡಿಗೆ ಭಾಮೈದ ತಲೆ ಹಾಕಿದ. ಮೊಣಕಾಲೆತ್ತರದ ಕಲ್ಲು ಚಪ್ಪಡಿ, ನಡುವೆ ದುಂಡನೆಯ ತೂತು.

"ಗರ್ಭಗುಡಿ ಕಣೇ ಅಕ್ಕ! ಇದು ಪೀಠ. ವಿಗ್ರಹ ಯಾರೋ ಕಿತ್ಕೊಂಡು ಹೋಗಿದಾರೆ. ನೋಡು, ಕೂರಿಸಿದ್ದ ಜಾಗ."

"ಯಾರ ದೇವ್ರಾದ್ರೇನು" ಎಂದು ಹೆಂಡತಿ ಷೂ ಬಿಚ್ಚಿದಳು. ಅವನೂ ಬಿಚ್ಚಿದ. ಇಬ್ಬರೂ ಕಣ್ಣುಮುಚ್ಚಿ ಕೈಮುಗಿದರು. "ರೀ, ನೀವೂ ಬಿಚ್ರೀ."

ನಾನು ಬಗ್ಗಿ ತೂತಿನೊಳಗೆ ನೋಡಿದೆ. ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಬಲು ಆಳದಲ್ಲಿ ಕಂದಕದ ಹುಲ್ಲು. ತೂತಿನಿಂದ ಕೆಳಕ್ಕೆ ಬಿಟ್ಟ ಕಲ್ಲಿನ ಇಳಿಜಾರು ಮಾತ್ರ ಅಚ್ಚುಕಟ್ಟು.

"ಕೈ ಇಳಿಸಿ ಇಬ್ರೂ. ಇದು ಕಕ್ಕಸು."

"ಭಾವ, ನಿಮ್ಗೆ ಎಲ್ಲಿ ನೋಡಿದ್ರೂ ಅದೇ ಕಾಣುತ್ತೆ!"

"ಹೂಂ ಕಣಯ್ಯ. ನಿಮ್ಮಕ್ಕ ಅದರಿಂದ್ಲೇ ಊಟ ಮಾಡ್ತಿರೋದು."

ಗದ್ದಲ ಕೇಳಿ ಕಾವಲಿನ ಮುದುಕ ಬಂದ. ಇದು ಯಾವ ದೇವರದೆಂದು ಭಾಮೈದ ಚೊಕ್ಕ ಇಂಗ್ಲಿಷಿನಲ್ಲಿ ವಿಚಾರಿಸಿದ. ಮುದುಕ ಅವರ ಬರಿಗಾಲು ನೋಡಿ, ನಗು ನುಂಗಿಕೊಂಡು, ಇದು ದೊರೆಯ ಪಾಯಿಖಾನೆ ಎಂದ. ಇವರು ಆಗಲೇ ಹೇಳಿದರು ಎಂದು ಹೆಂಡತಿ ನನ್ನತ್ತ ಕೈ ತೋರಿಸಿದಳು. ಹೇಗೆ ಗೊತ್ತಾಯಿತೆಂದು ಮುದುಕ ನನ್ನನ್ನು ಕೇಳಿದ. ನಾನು ಇಂಗ್ಲಿಷಿನ ಮಾತು ಜೋಡಿಸಿಕೊಳ್ಳುವುದರೊಳಗೆ ಭಾಮೈದ ಶುರುಮಾಡಿದ: "ಹೀ ಈಸ್ ಇನ್ ಕನ್‌ಸ್ಟ್ರಕ್ಷನ್..."

"ಸುಮ್ನಿರೋ!" ಎಂದು ಹೆಂಡತಿ ಒಂದೇ ಕಾಲಿಗೆ ಷೂ ಸಿಕ್ಕಿಸಿಕೊಂಡು ಮುಂದೆ ಬಂದಳು. "ಮೈ ಹಸ್ಬೆಂಡ್ ಮೇಕ್ಸ್ ಟಾಯ್ಲೆಟ್ಸ್. ವೆರಿ ಗುಡ್ ಟಾಯ್ಲೆಟ್ಸ್."

ನಾನು ಹೇಳಬೇಕೆಂದಿದ್ದ ಮಾತು ಅವಳ ಪಾಲಾಯಿತು. ಬೇಸರವೇನೂ ಆಗಲಿಲ್ಲ. ಮುದುಕ ನನ್ನ ಕೈ ಕುಲುಕಿ, ಮೇಲೆ ಇದಕ್ಕಿಂತ ದೊಡ್ಡದೊಂದಿದೆ, ತಾವು ನೋಡಲೇಬೇಕು ಎಂದು ಮೆಟ್ಟಿಲು ಹತ್ತಿಸಿದ. ಹೆಂಡತಿ ಹಿಂದೆಯೇ ಬಂದಳು. ಭಾಮೈದ ಬರಲಿಲ್ಲ.