ಮಾಸ್ತಮ್ಮನ ಬಾತು, ಹೊನ್ನಜ್ಜನ ಬಾಗಿಲು

ಮಾವಿನಕುರ್ವೆ ನಡುಗಡ್ಡೆಯ ತೆಂಕಣ ತುದಿಯಲ್ಲಿ ಶರಾವತಿಯ ಉಪ್ಪುನೀರನ್ನು ಮೊದಲು ತಡೆದು ನಿಲ್ಲಿಸಿದವನು ಹೊನ್ನ. ಅವನಿಗಿಂತ ಮುಂಚೆ ಅಲ್ಲಿ ಏಡಿ ಮತ್ತು ಕಾಂಡ್ಲದ ಗಿಡ ಬಿಟ್ಟರೆ ಇನ್ನೊಂದು ಬದುಕುತ್ತಿರಲಿಲ್ಲ. ಹೊನ್ನ, ಅವನ ಹೆಂಡತಿ, ಒಂದು ಬುಟ್ಟಿ, ಇಷ್ಟೇ ಬಲ. ಏಳು ಬೇಸಿಗೆ ಮಣ್ಣು ಹೊತ್ತು ಆಳೆತ್ತರದ ಕಟ್ಟು ಎಬ್ಬಿಸಿದರು. ಅವನ ಮಗ ಕುಪ್ಪ ಆ ಕಟ್ಟಿನ ನಡುವೆ ಸಾಗುವಾನಿಯ ಮೂರು ಹಲಗೆಗಳ ಬಾಗಿಲು ಕೂರಿಸಿದ, ಒಳಗಡೆ ಸಿಹಿನೀರಿನ ಕೆರೆ ತೋಡಿದ. ಕುಪ್ಪನ ಮಗ ರಾಮ ನಲವತ್ತು ವರ್ಷ ಆ ಬಾಗಿಲು ಕಾದ. ಇಳಿತದ ಹೊತ್ತಿಗೆ ಹಲಗೆ ಎತ್ತಿ ಒಳಗೆ ಬಸಿದ ನೀರನ್ನು ಹೊರಗೆ ಬಿಡಬೇಕು. ಭರತ, ಅಂದರೆ ಉಬ್ಬರದ ನೀರು, ಏರುವ ಮುಂಚೆ ಹಲಗೆ ಇಳಿಸಿ, ಮರದ ಕೊಡತಿಯಿಂದ ಬಡಿದು ಬಿಗಿ ಮಾಡಬೇಕು. ಹೆಂಡತಿ ಸತ್ತು ಅಂಗಳದಲ್ಲಿ ಮಲಗಿದ್ದ ದಿನವೂ ರಾಮ ಎದ್ದು ಹೋಗಿ ಹಲಗೆ ಇಳಿಸಿ ಬಂದು, ಆಮೇಲೆ ಅತ್ತನಂತೆ. ಕಟ್ಟಿನ ಒಳಗಿನ ಹತ್ತು ಮನೆಗಳ ಪಾತಿ, ಕೆರೆ, ಅನ್ನ ಎಲ್ಲ ಆ ಮೂರು ಹಲಗೆಗಳ ಹಿಂದೆ ಇತ್ತು.

ಈ ರಾಮನ ಒಬ್ಬಳೇ ಮಗಳು ಮಾಸ್ತಮ್ಮ. ಶಿರಾಲಿಗೆ ಮದುವೆಯಾಗಿ ಹೋದವಳು, ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ ಮೇಲೆ ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ಅಪ್ಪನ ಮನೆಗೆ ಮರಳಿದಳು. ಮಕ್ಕಳಿರಲಿಲ್ಲ. ಸಾಯುವ ಕಾಲಕ್ಕೆ ರಾಮ ಕೊಡತಿಯನ್ನು ಅವಳ ಮಡಿಲಿಗೆ ಹಾಕಿದ. ಹೆಂಗಸು ಬಾಗಿಲು ಕಾಯುವುದುಂಟೇ ಎಂದು ಕೆಲವರು ಮೂಗು ಮುರಿದರು. ಊರಿನ ಹಿರಿಯ ನಾಗಪತಿ ಒಬ್ಬನೇ, “ನೀರಿಗೆ ಹೆಂಗಸು ಗಂಡಸು ಎಂತ ಗೊತ್ತು? ಹಲಗೆ ಬಿಗಿ ಇದ್ರೆ ಆತು” ಅಂದ. ಆರು ವರ್ಷ ಒಂದು ಹನಿ ಉಪ್ಪು ಒಳಗೆ ಬರಲಿಲ್ಲ. ಮೂಗು ಮುರಿದವರೂ ಸುಮ್ಮನಾದರು.

ಮಾಸ್ತಮ್ಮನ ಹಿತ್ತಿಲು ಬಾಗಿಲಿಗೆ ತೀರ ಹತ್ತಿರ, ಎಲ್ಲರದಕ್ಕಿಂತ ತಗ್ಗು. ಅಲ್ಲಿ ಹರಿವೆ, ಬೆಂಡೆ, ಮೊಗೆಕಾಯಿ, ಒಂದು ಬಸಳೆ ಚಪ್ಪರ. ಒಣಮೀನಿನ ಪುಡಿ, ಬೂದಿ, ಸುಡುಮಣ್ಣು ಹಾಕಿ ಹಾಕಿ ಅವಳು ಆ ಮಣ್ಣನ್ನು ಕೈಯಲ್ಲಿ ಹಿಡಿದರೆ ಉದುರುವ ಹಾಗೆ ಮಾಡಿದ್ದಳು. ಒಂದೇ ಕಾಟವೆಂದರೆ ಬಸವನಹುಳ. ಸಂಜೆ ನೆಟ್ಟ ಸಸಿ ಬೆಳಿಗ್ಗೆ ಕಡ್ಡಿಯಾಗಿರುತ್ತಿತ್ತು.

ಯುದ್ಧದ ಕಾಲ ಅದು. ಅಕ್ಕಿ ಕಂಟ್ರೋಲಿಗೆ ಬಂದಿತ್ತು, ಮನೆಯ ತರಕಾರಿಯೇ ಅರ್ಧ ಹೊಟ್ಟೆ ತುಂಬಿಸಬೇಕಿತ್ತು. ಹೊನ್ನಾವರದ ಸಂತೆಯಲ್ಲಿ ಕ್ರಿಸ್ತರ ಬಾಯಿಯೊಬ್ಬಳು ಅವಳ ಗೋಳು ಕೇಳಿ ಆರು ಬಾತುಮೊಟ್ಟೆ ಕೊಟ್ಟಳು. “ಹುಳಕ್ಕೆ ಬಾತೇ ಮದ್ದು. ಆದ್ರೆ ಕೋಳಿ ಅಡಿಗೆ ಇಡು. ಬಾತು ಮೊಟ್ಟೆ ಇಟ್ಟು ಮರೆತು ಹೋಗ್ತದೆ, ಕಾವಿಗೆ ಕೂರೂದು ಅದರ ಜಾತಿಗೇ ಗೊತ್ತಿಲ್ಲ” ಅಂದಳು. ಇದು ಅವಳೊಬ್ಬಳ ಮಾತಲ್ಲ. ಹೊಳೆಯ ಎರಡೂ ದಡದಲ್ಲಿ ಬಾತುಮರಿಯನ್ನು ಕೋಳಿಯೇ ಮಾಡಿಸುವುದು ರೂಢಿ. ಬಾತು ಕಾವಿಗೆ ಕೂತದ್ದನ್ನು ಕಂಡವರಿರಲಿಲ್ಲ, ಯಾಕೆಂದರೆ ಕೂರಲು ಅದಕ್ಕೆ ಮೊಟ್ಟೆ ಬಿಟ್ಟವರೇ ಇರಲಿಲ್ಲ.

ಇಪ್ಪತ್ತೊಂದು ದಿನ ಕಳೆದರೂ ಮೊಟ್ಟೆ ಒಡೆಯಲಿಲ್ಲ. ಪಕ್ಕದ ಮನೆಯ ಮಂಜಿ ಬೇಲಿಯ ಮೇಲಿಂದ ನಕ್ಕಳು. “ಮಾಸ್ತಕ್ಕ, ಕೊಳೆತ ಮೊಟ್ಟೆ ಮೇಲೆ ಆ ಬಡ ಕೋಳಿ ಇನ್ನೆಷ್ಟು ದಿನ ತಪಸ್ಸು ಮಾಡೂದು?”

“ಇಪ್ಪತ್ತೆಂಟು ದಿನ ಅಂದಿದಾಳೆ ಬಾಯಿ.”

“ಮಾರೂವವಳು ಎಂತ ಬೇಕಾದ್ರೂ ಅಂತಾಳೆ. ನಾಡಿದ್ದು ಮೊಸಳೆ ಹುಟ್ಟೀತು, ನೋಡ್ಕ.”

ಇಪ್ಪತ್ತೆಂಟನೆಯ ದಿನ ಐದು ಮರಿ ಹೊರಬಿದ್ದವು. ಮೊದಲ ಬಾರಿ ಅವು ಕೆರೆಗಿಳಿದಾಗ ತಾಯಿಕೋಳಿ ದಂಡೆಯುದ್ದಕ್ಕೂ ಓಡಿ ಓಡಿ ಬೊಬ್ಬೆ ಹಾಕಿತು, ಮಂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು; ಗಂಡ ಹೋದ ಮೇಲೆ ಮಾಸ್ತಮ್ಮ ಹಲ್ಲು ಕಾಣುವ ಹಾಗೆ ನಕ್ಕದ್ದೂ ಅಂದೇ. ಆದರೆ ಅದೇ ವಾರ ಸಗಣಿ ಬುಟ್ಟಿ ಹೊತ್ತು ಬರುವಾಗ ಕಾಲಡಿ ಕಾಣದೆ ಒಂದು ಮರಿಯ ಕಾಲು ಮೆಟ್ಟಿಬಿಟ್ಟಳು. ಅರಿಶಿನ ಹಚ್ಚಿ, ಕಡ್ಡಿ ಕಟ್ಟಿ, ತನ್ನ ಚಾಪೆಯ ಬದಿಯಲ್ಲೇ ಮಲಗಿಸಿ ಉಳಿಸಿಕೊಂಡಳು. ಅದು ಕುಂಟಿ ಆಯಿತು.

ಬಾತು ಸಾಕುವುದೆಂದರೆ ಬರೀ ಸಂತೋಷವಲ್ಲ. ಹುಳ ತಿಂದವು, ಹುಳ ಮುಗಿದ ಮೇಲೆ ಹರಿವೆ ಸಸಿಯನ್ನೂ ತಿಂದವು. ನೀರು ಹಾಕಿದ ಪಾತಿಯನ್ನು ತುಳಿದು ಕೆಸರು ಮಾಡಿದವು. ಮಾಸ್ತಮ್ಮ ಬೈದು ಬೈದು ಸುಸ್ತಾಗಿ, ಕಡೆಗೆ ಒಂದು ಕ್ರಮ ಹಾಕಿಕೊಂಡಳು: ಬೆಳಗಿನ ಇಳಿತಕ್ಕೆ ಹಲಗೆ ಎತ್ತಿದಾಗ ಬಾತುಗಳು ಹೊಳೆಗೆ ಹೋಗಬೇಕು, ಭರತಕ್ಕೆ ಇಳಿಸುವ ಮುಂಚೆ ಒಳಗೆ ಬರಬೇಕು. “ಬಾ ಬಾ ಬಾ” ಎಂದು ಅವಳು ಕರೆದರೆ ನಾಲ್ಕು ಸಾಲಾಗಿ ಬರುತ್ತಿದ್ದವು, ಕುಂಟಿ ಎಲ್ಲಕ್ಕಿಂತ ಹಿಂದೆ. ಅದು ಬಂದು ಅವಳ ಕಾಲಿಗೆ ಕೊಕ್ಕು ತಾಗಿಸಿದ ಮೇಲೆಯೇ ಹಲಗೆ ಇಳಿಯುವುದು.

ಎರಡನೆಯ ವರ್ಷದ ಮಾಘದಲ್ಲಿ ಕುಂಟಿಯ ನಡೆ ಬದಲಾಯಿತು. ಬೆಳಿಗ್ಗೆ ಎಲ್ಲರ ಜೊತೆ ಹೊಳೆಯಲ್ಲಿ ಕಾಣುವುದು, ಆಮೇಲೆ ಕಣ್ಣಿಗೆ ಬೀಳದಿರುವುದು. ಸಂಜೆ ಗೂಡಿಗೂ ಬರುತ್ತಿರಲಿಲ್ಲ. ಕಾಲು ಸಾಗದೆ ಆಚೆಯ ಕಾಂಡ್ಲದ ಪೊದೆಯಲ್ಲೇ ಉಳಿಯುತ್ತಿದೆ, ಇವತ್ತಲ್ಲ ನಾಳೆ ನರಿಯ ಪಾಲಾಗುತ್ತದೆ ಎಂದು ಮಾಸ್ತಮ್ಮನಿಗೆ ಅನ್ನ ಇಳಿಯದಾಯಿತು. ಅಮಾವಾಸ್ಯೆಯ ಬೆಳಿಗ್ಗೆ ಅದು ಹೊಳೆಯಲ್ಲಿ ಇದ್ದದ್ದನ್ನು ಕಣ್ಣಾರೆ ಕಂಡಳು. ಇವತ್ತು ಅದನ್ನು ಒಳಗೆ ಕರೆದುಕೊಳ್ಳದೆ ಬಾಗಿಲು ಹಾಕುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಅಮಾವಾಸ್ಯೆಯ ಭರತ ಸಣ್ಣದಲ್ಲ. ಬಿಸಿಲು ಏರುವ ಹೊತ್ತಿಗೆ ನೀರು ತಿರುಗಿತು. ನಾಲ್ಕು ಬಾತು ಒಳಗೆ ಬಂದವು. ಮಾಸ್ತಮ್ಮ ಎರಡು ಹಲಗೆ ಇಳಿಸಿದಳು, ಮೂರನೆಯದನ್ನು ಒಂದು ಗೇಣು ಎತ್ತಿ ಹಿಡಿದಳು. “ಬಾ ಬಾ ಬಾ, ಕುಂಟೀ.” ನೀರು ಪಾದಕ್ಕೆ ಬಂತು. ಇನ್ನೊಂದು ಕೂಗು. ಮೊಳಕಾಲಿಗೆ ಬಂತು. ಇನ್ನೊಂದೇ ಕೂಗು ಅಂದುಕೊಂಡಳು.

ಆಮೇಲೆ ಹಲಗೆ ಕೆಳಗೆ ಹೋಗಲಿಲ್ಲ. ಹರಿವಿನ ಒತ್ತಡಕ್ಕೆ ಅದು ಸಂದಿಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಕೊಡತಿಯಿಂದ ಬಡಿದಳು, ಮೇಲೆ ಹತ್ತಿ ನಿಂತಳು, ದೇವರನ್ನೂ ಅಪ್ಪನನ್ನೂ ಕೂಗಿದಳು. ಹೊಳೆಯಲ್ಲಿ ಬಲೆ ಬಿಡುತ್ತಿದ್ದ ವೆಂಕಟ ದೋಣಿ ಬಿಟ್ಟು ಓಡಿ ಬಂದ. ಇಬ್ಬರೂ ಸೇರಿ ಹಲಗೆ ಕೂರಿಸುವಷ್ಟರಲ್ಲಿ ಒಳಗೆಲ್ಲ ಮೊಳಕಾಲುದ್ದ ನೀರು. ಅವಳ ಹಿತ್ತಿಲು ಮುಳುಗಿತು, ಇನ್ನೆಂಟು ದಿನಕ್ಕೆ ಕೀಳಬೇಕಿದ್ದ ಮಂಜಿಯ ಈರುಳ್ಳಿ ಪಾತಿ ಮುಳುಗಿತು, ಕುಪ್ಪಜ್ಜನ ಕೆರೆಯ ದಂಡೆ ದಾಟಿ ಉಪ್ಪು ಸಿಹಿಗೆ ಸೇರಿತು.

“ಎಂತಕ್ಕೆ ತಡ ಮಾಡಿದೆ, ಮಾಸ್ತಕ್ಕ?” ವೆಂಕಟ ಏದುಸಿರು ಬಿಡುತ್ತ ಕೇಳಿದ.

“ಕುಂಟಿ ಹೊರಗೆ ಉಳಿದದೆ” ಎಂದಳು.

ಕುಂಟಿ ಹೊರಗೆ ಉಳಿದಿರಲಿಲ್ಲ. ನೀರಿನಲ್ಲಿ ತಡವರಿಸುತ್ತ ಹಿತ್ತಿಲಿಗೆ ಬಂದ ಮಾಸ್ತಮ್ಮ ಬಸಳೆ ಚಪ್ಪರದ ಕೆಳಗೆ ಬಗ್ಗಿ ನೋಡಿದಳು. ಒಣಗಿದ ಸೋಗೆಯ ನಡುವೆ ಎದೆಯ ಗರಿ ಕಿತ್ತು ಹಾಸಿ ಗೂಡು ಮಾಡಿಕೊಂಡು ಕುಂಟಿ ಕೂತಿತ್ತು. ಬೆಳಿಗ್ಗೆ ನಾಲ್ಕು ಗುಟುಕು ತಿಂದು, ಯಾರಿಗೂ ಕಾಣದೆ ಕಟ್ಟಿನ ಮೇಲಿಂದ ನಡೆದು ಬಂದು, ಎಷ್ಟೋ ದಿನದಿಂದ ಅದು ಕಾವಿಗೆ ಕೂರುತ್ತಿತ್ತು. ಉಪ್ಪುನೀರು ಅದರ ಎದೆಯವರೆಗೆ ಬಂದಿತ್ತು. ತೇಲಿ ಹೋಗುತ್ತಿದ್ದ ಮೊಟ್ಟೆಯನ್ನು ಅದು ಕೊಕ್ಕಿನಿಂದ ಎಳೆದು ಎಳೆದು ಹೊಟ್ಟೆಯ ಅಡಿಗೆ ತಂದುಕೊಳ್ಳುತ್ತಿತ್ತು. ಒಂಬತ್ತರಲ್ಲಿ ಮೂರು ಉಳಿದಿದ್ದವು, ಮೂರೂ ತಣ್ಣಗಾಗಿದ್ದವು.

ಚಪ್ಪರದ ಕೆಳಗೆ ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು. ಬಾತು ಕೂರುವುದಿಲ್ಲ ಎಂದು ಲೋಕವೇ ಹೇಳಿತ್ತು, ಅವಳು ನೋಡಲಿಲ್ಲ.

ಮರುದಿನ ಇಳಿತಕ್ಕೆ ನೀರು ಬಸಿದು ಹೋಯಿತು, ಉಪ್ಪು ಹೋಗಲಿಲ್ಲ. ಬಿಸಿಲಿಗೆ ಪಾತಿಯ ಮೇಲೆ ಬಿಳಿ ಪೊರೆ ಬಂತು. ಹರಿವೆ ಸುಟ್ಟ ಹಾಗೆ ಕಂದಿತು, ಬಸಳೆ ಜೋತುಬಿತ್ತು. ಮಂಜಿ ಬೇಲಿಯ ಹತ್ತಿರ ಬಂದು ನಿಂತಳು. ಮಾಸ್ತಮ್ಮ ಬೈಗುಳಕ್ಕೆ ಕಾದಳು. ಮಂಜಿ ಮೆತ್ತಗಾದ ಒಂದು ಈರುಳ್ಳಿಯನ್ನು ಕಿತ್ತು, ನೋಡಿ, ಮತ್ತೆ ಮಣ್ಣಿನಲ್ಲೇ ಊರಿ ಒಳಗೆ ಹೋದಳು. ಎರಡು ಹೊಡೆತ ಹೊಡೆದಿದ್ದರೆ ಮಾಸ್ತಮ್ಮನ ಜೀವಕ್ಕೆ ಹಗುರಾಗುತ್ತಿತ್ತು.

ಅಂದು ಸಂಜೆಯೇ ಅವಳು ಕೊಡತಿಯನ್ನು ಸೆರಗಿನಿಂದ ಒರೆಸಿ, ವೆಂಕಟನ ಜಗುಲಿಯ ಮೇಲೆ ಇಟ್ಟು ಬಂದಳು. ಹೊನ್ನನ ಮನೆತನದಲ್ಲಿ ಮೂರು ತಲೆ ಉಳಿದಿದ್ದ ಬಾಗಿಲು ಹೀಗೆ ಮನೆ ಬಿಟ್ಟು ಹೋಯಿತು.

ಮೂರನೆಯ ದಿನ ಬೆಳಿಗ್ಗೆ ನಾಗಪತಿ ಒಂದು ದೋಣಿ ಸಿಹಿಮಣ್ಣು ತರಿಸಿದ್ದ. ನಾಲ್ಕು ಜನ ಬುಟ್ಟಿ, ಹಾರೆ ಹಿಡಿದು ಬಂದಿದ್ದರು. ವೆಂಕಟನ ಹೆಗಲ ಮೇಲೆ ಕೊಡತಿ ಇತ್ತು. ಮಾಸ್ತಮ್ಮ ಆಗಲೇ ಮಂಜಿಯ ಪಾತಿಯ ಬಿಳಿ ಮಣ್ಣು ಕೆರೆದು, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ಕಟ್ಟಿನಾಚೆ ಸುರಿಯುತ್ತಿದ್ದಳು. ಸೊಂಟದವರೆಗೆ ಕೆಸರು. ಅತ್ತ ಒಣಗಿದ ಚಪ್ಪರದ ಕೆಳಗೆ ಕುಂಟಿ ಇನ್ನೂ ಆ ಮೂರು ಮೊಟ್ಟೆಗಳ ಮೇಲೇ ಕೂತಿತ್ತು; ಅದನ್ನು ಎಬ್ಬಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

“ಸಾಕು ತಂಗಿ, ಬುಟ್ಟಿ ಕೊಡು ಇತ್ಲಾಗೆ” ಎಂದ ನಾಗಪತಿ. “ಬಾಗಿಲೂ ನಿಂದೇ. ಕೈ ತಪ್ಪೂದು ಯಾರಿಗೆ ಇಲ್ಲ? ನಾಲ್ಕು ಜನ ಸೇರಿದ್ರೆ ಎಂಟು ದಿನದ ಕೆಲಸ. ನೀ ಒಬ್ಬಳೇ ಮಾಡೂಕೆ ಹೋದ್ರೆ ಎರಡು ವರ್ಷ ಆತದೆ.”

ಮಾಸ್ತಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ.

“ನಾಗಪತಣ್ಣ, ಆ ಮಣ್ಣು ಮಂಜಿಗೆ ಬೇಕಾದ್ರೆ ಅವಳ ಅಂಗಳದಲ್ಲಿ ಸುರಿ. ನನ್ನ ಹಿತ್ತಿಲಿಗೆ ಒಂದು ಹಿಡಿ ಬೇಡ. ನೀವು ಬಂದದ್ದು ದೊಡ್ಡದು, ಇಲ್ಲ ಅನ್ನೂದಿಲ್ಲ. ಆದ್ರೆ ಹೊನ್ನಜ್ಜ ಮಣ್ಣು ಹೊತ್ತದ್ದು ಹೊಳೆ ತಂದ ಉಪ್ಪಿಗೆ. ಇದು ನಾ ತಂದ ಉಪ್ಪು. ಮೊದಲು ಮಂಜಿ ಪಾತಿ, ಆಮೇಲೆ ಕೆರೆ, ಕಡೆಗೆ ನನ್ನದು. ಮಳೆ ಬರೂದರೊಳಗೆ ಆದ್ರೆ ಆತು, ಆಗದಿದ್ರೆ ಮುಂದಿನ ಬೇಸಿಗೆ ಅದೆ. ವೆಂಕಟ, ಕೊಡತಿ ತಕಂಡು ಹೋಗು, ಭರತದ ಹೊತ್ತಾತು. ನನ್ನ ತಲೆ ಮೇಲಿನ ಬುಟ್ಟಿಗೆ ಯಾರೂ ಕೈ ಹಾಕೂದು ಬೇಡ.”