ಬೂದಿಯಲ್ಲಿ ಉಳಿದದ್ದು

ಮೊಣಕಾಲು ಬದಲಿಸಿಕೊಳ್ಳುವ ಹೆಚ್ಚಿನವರಿಗೆ ಒಳಗೆ ಕೂರಿಸುವ ವಸ್ತು ಹೇಗಿರುತ್ತದೆ ಎಂದು ಸರಿಯಾಗಿ ಗೊತ್ತಿರುವುದಿಲ್ಲ. ಡಾಕ್ಟರು ಮೇಜಿನ ಮೇಲಿನ ಮಾದರಿಯನ್ನು ಆಡಿಸಿ ತೋರಿಸುತ್ತಾರೆ, ಇವರು ಹೂಂ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಆ ಭಾಗ್ಯ ಇರಲಿಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಅದರ ತೂಕ ಗೊತ್ತಿತ್ತು. ಬೆಂಕಿಯಲ್ಲಿ ಬಿದ್ದರೆ ಅದು ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದೂ ಗೊತ್ತಿತ್ತು.

ಅದು ನನ್ನ ಗಂಡನದ್ದು. ತಾಲೂಕು ಕಚೇರಿಯಲ್ಲಿ ಕೂತು ಕೂತು ಸವೆದ ಎಡಗಾಲಿಗೆ ನಿವೃತ್ತಿಯಾದ ಮೇಲೆ ಹೊಸ ಕೀಲು ಹಾಕಿಸಿಕೊಂಡಿದ್ದರು. ಕೆಲವು ವರ್ಷ ಅದರ ಮೇಲೆ ಹೊನ್ನಾವರದ ಪೇಟೆಯೆಲ್ಲ ಸುತ್ತಿದರು. ಆಮೇಲೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಮಗೆ ಇರುವುದು ಒಬ್ಬಳೇ ಮಗಳು, ಅವಳಾಗ ಬಸುರಿ. ಬಸುರಿಯನ್ನು ಸಾವಿನ ಕಾರ್ಯಗಳ ಹತ್ತಿರ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲವನ್ನೂ ಕುಮಟೆಯಲ್ಲಿರುವ ನನ್ನ ಮೈದುನ ಮಾಡಿದ.

ಅಸ್ಥಿ ಬಿಡಲು ತದಡಿಯ ಅಳಿವೆಗೆ ಹೋದವನು ಸಂಜೆ ತಿರುಗಿ ಬಂದಾಗ ಕೈಯಲ್ಲಿ ಟವೆಲಿನ ಗಂಟಿತ್ತು. ಅಡಿಗೆಮನೆಯ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಅತ್ತಿಗೆ, ಇದೊಂದು ಉಳದ್ದು. ಭಟ್ರು ಇದು ಅಸ್ಥಿ ಅಲ್ಲ ಹೇಳಿದ. ದೋಣಿಯವನೂ ನೀರಿಗೆ ಹಾಕಲೆ ಬಿಡ್ಲಿಲ್ಲೆ. ಎಂತ ಮಾಡವು ಹೇಳಿ ತಿಳಿತಿಲ್ಲೆ."

ದೋಣಿಯವನು ಹೇಳಿದ್ದು ಇಷ್ಟೇ ಅಂತೆ: "ಬ್ಯಾಡ್ರಾ, ಬಳಚು ಹೆಕ್ಕೂ ಹೆಂಗಸ್ರ ಕಾಲಿಗೆ ತಾಗ್ತದೆ." ಅಳಿವೆಯಲ್ಲಿ ನೀರಿಳಿದಾಗ ಸೊಂಟಮಟ್ಟದ ಕೆಸರಲ್ಲಿ ನಿಂತು ಚಿಪ್ಪಿ ತೆಗೆಯುವವರು ಅವರು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಭಟ್ಟರ ಮಾತಿನಲ್ಲೂ ಇರಲಿಲ್ಲ. ಹೀಗೆ ನೀರಿಗೂ ಬೇಡವಾಗಿ, ಶಾಸ್ತ್ರಕ್ಕೂ ಬೇಡವಾಗಿ ಅದು ಮನೆಗೆ ಬಂತು. ಗುಜರಿಗೆ ಹಾಕಲು ನನ್ನಿಂದಾಗಲಿಲ್ಲ. ಮಗಳಿಗೆ ಎಲ್ಲ ನೀರಿಗೆ ಬಿಟ್ಟಾಯಿತೆಂದು ಹೇಳಿಬಿಡು ಎಂದು ಮೈದುನನಿಗೆ ಅಂದೆ. ಬಸುರಿಗೆ ಇದನ್ನು ಹೇಗೆ ತೋರಿಸುವುದು?

ಅವನು ಹೋದ ಮೇಲೆ ಗಂಟು ಬಿಚ್ಚಿದೆ. ಎರಡು ತುಂಡು. ಒಂದು ಚಿಪ್ಪಿನ ಹಾಗೆ ಬಾಗಿದ್ದು, ಇನ್ನೊಂದು ಚಪ್ಪಟೆ, ಅದರ ಕೆಳಗೊಂದು ಮೊಳೆಯಂಥ ಕಡ್ಡಿ. ನೀಲಿ ಮಿಶ್ರಿತ ಕಪ್ಪು. ಒಂದು ಕಡೆ ಬೂದಿ ಹತ್ತಿಕೊಂಡಿತ್ತು, ಉಜ್ಜಿದರೂ ಹೋಗಲಿಲ್ಲ. ಅದೇ ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿ ಸೀರೆಗಳ ಹಿಂದೆ ಇಟ್ಟೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ದೆವ್ವ ಭೂತ ಎಂದವರಿಗೆ ಲೆಕ್ಕ ಬಿಡಿಸಿ ತೋರಿಸು ಎನ್ನುವ ಜಾತಿ. ಆದರೂ ಆ ಕಪಾಟಿನ ಕೆಳಗಿನ ಅಂಕಣದ ಸೀರೆಗಳನ್ನು ಅಲ್ಲಿಂದ ಮುಂದೆ ಉಟ್ಟಿಲ್ಲ.

ಕಳೆದ ವರ್ಷ ನನ್ನ ಬಲಗಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರನ ಕೈ ಹಿಡಿಯುವ ಕಾಲ ಬಂತು. ಎಣ್ಣೆ, ಕಷಾಯ, ಮಂಡಿಗೆ ಪಟ್ಟಿ ಎಲ್ಲ ಆಗಿ ಕೊನೆಗೆ ಮಗಳು ಹಟ ಹಿಡಿದು ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಮ್ಮ ಕಡೆಯವರು ಯಾವ ದೊಡ್ಡ ಕಾಯಿಲೆಗೂ ಹೆದ್ದಾರಿ ಹಿಡಿದು ಆ ಕಡೆಗೇ ಹೋಗುವವರು. ಡಾಕ್ಟರು ಎಕ್ಸ್‌ರೇ ನೋಡಿ, ಎಲುಬಿಗೆ ಎಲುಬು ತಿಕ್ಕುತ್ತಿದೆ, ಬದಲಿಸದೆ ಬೇರೆ ದಾರಿ ಇಲ್ಲ ಎಂದರು. ಇದು ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂದು ಮಗಳು ಕೇಳಿದಳು.

"ಹೆದರ್ಬೇಡಿ ಅಮ್ಮಾ, ನಿಮಗಿಂತ ಜಾಸ್ತಿ ಬಾಳಿಕೆ ಬರ್ತದೆ" ಎಂದು ಡಾಕ್ಟರು ನನ್ನ ಕಡೆ ನೋಡಿ ನಕ್ಕರು. ಮಗಳೂ ನಕ್ಕಳು. ಅವರು ತಮಾಷೆ ಮಾಡುತ್ತಿದ್ದರು, ನನಗೆ ಅದು ಕಣ್ಣಾರೆ ಕಂಡ ಸತ್ಯ.

ಆಪರೇಷನ್ನಿಗೆ ಮೊದಲು ತಯಾರಿ ಮದುವೆಮನೆಗಿಂತ ಕಡಿಮೆ ಇರಲಿಲ್ಲ. ಸಕ್ಕರೆ ಇಳಿಸಬೇಕು, ಹುಳುಕು ಹಲ್ಲು ಕೀಳಿಸಬೇಕು, ಜಾರುವ ಚಾಪೆ ತೆಗೆಯಬೇಕು, ಮಂಚದ ಕಾಲಿಗೆ ಹಲಗೆ ಕೊಟ್ಟು ಎತ್ತರಿಸಬೇಕು. ಅಟ್ಟದ ಮೇಲಿಂದ ಗಂಡನ ವಾಕರ್ ಇಳಿಯಿತು. ಅದರ ಕಾಲುಗಳು ಅವರ ಎತ್ತರಕ್ಕೇ ನಿಂತಿದ್ದವು. ಮಗಳು ಗುಂಡಿ ಒತ್ತಿ ಒಂದೊಂದೇ ಕಾಲನ್ನು ನನ್ನ ಅಳತೆಗೆ ಇಳಿಸುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತು ಬಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರತೊಡಗಿದಳು. ಭಟ್ಕಳದವಳು, ಮನೆಯಲ್ಲಿ ಅಲ್ಲಿನ ಮುಸ್ಲಿಮರ ನವಾಯತಿ ಭಾಷೆ ಆಡುವವಳು, ನನ್ನ ಮೇಲೆ ನಾನು ಶಾಲೆಯ ಮಕ್ಕಳ ಮೇಲೆ ಮಾಡಿದಷ್ಟೇ ದರ್ಬಾರು ಮಾಡುವವಳು. "ಆಂಟೀ, ಹಿಮ್ಮತ್ ಮಾಡಿ, ಕಾಲು ಕುರ್ಚಿ ಕೆಳಗೆ ಎಳೀರಿ." ಒಂದು ದಿನ ಧೈರ್ಯ ತುಂಬಲೆಂದು ವಿವರಿಸಿದಳು: ಮೇಲೊಂದು ಲೋಹ, ಕೆಳಗೊಂದು ಲೋಹ, ನಡುವೆ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ ಇರುವುದರಿಂದಲೇ ಕಾಲು ನುಣ್ಣಗೆ ಆಡುತ್ತದೆ. ನಾನು ಹೂಂ ಎಂದೆ. ಕಪಾಟಿನಲ್ಲಿದ್ದದ್ದಕ್ಕೆ ನಡುವೆ ಏನೂ ಇರಲಿಲ್ಲ ಎಂದು ಆಗ ಹೊಳೆಯಿತು. ನಡುವಿನದು ಸುಟ್ಟುಹೋಗಿತ್ತು.

ಅದಾದ ಒಂದು ಮಧ್ಯಾಹ್ನ ಕುರ್ಚಿಯಿಂದ ಏಳುವಾಗ ಟಕ್ ಎಂದು ಶಬ್ದವಾಯಿತು. ಗಂಡನ ಕಾಲು ಹಾಗೇ ಶಬ್ದ ಮಾಡುತ್ತಿತ್ತು, ಅವರು ಮಧ್ಯಾಹ್ನದ ನಿದ್ದೆ ಮುಗಿಸಿ ಮಂಚದಿಂದ ಇಳಿದದ್ದು ಅಡಿಗೆಮನೆಯಲ್ಲಿದ್ದ ನನಗೆ ಅದರಿಂದಲೇ ತಿಳಿಯುತ್ತಿತ್ತು. ಅಭ್ಯಾಸದಿಂದ ಬಾಯಿ ತೆರೆಯಿತು.

"ಎದ್ರಾ? ಚಾ ಇಡ್ತೆ."

ಶಬ್ದ ಬಂದದ್ದು ನನ್ನದೇ ಕಾಲಿನಿಂದ ಎಂದು ಮರುಕ್ಷಣ ಗೊತ್ತಾಯಿತು. ಹೊಸ ಕೀಲಿನಲ್ಲಿ ಹಾಗೆ ಆಗುವುದುಂಟು, ಏನೂ ಅಲ್ಲ ಎಂದು ಹುಡುಗಿ ಮರುದಿನ ಹೇಳಿದಳು. ನನಗೂ ಬುದ್ಧಿಯಲ್ಲಿ ಗೊತ್ತಿತ್ತು. ಆದರೆ ಆಮೇಲೆ ನಾನು ಕಾಲು ಮಡಚುವುದನ್ನೇ ಬಿಟ್ಟೆ. ಮಡಚಿದರೆ ಅವರು ಪಕ್ಕದ ಕೋಣೆಯಲ್ಲಿ ಎದ್ದಂತೆ ಕೇಳುತ್ತದೆ. ಎದ್ದವರು ಬರುವುದಿಲ್ಲ. ಇದನ್ನು ದಿನಕ್ಕೆ ಎಷ್ಟು ಸಲ ಸಹಿಸುವುದು? ಹುಡುಗಿ ಬಂದಾಗ ನೋವು ಎನ್ನುತ್ತಿದ್ದೆ. ಅವಳು ಕಾಲಿಗೆ ಕೈ ಹಾಕಿದರೆ ಕೂಗುತ್ತಿದ್ದೆ. ಕಾಲು ಕಟ್ಟಿಗೆಯ ಹಾಗೆ ಸೆಟೆಯುತ್ತ ಬಂತು.

ತಪಾಸಣೆಗೆ ಹೋದಾಗ ಡಾಕ್ಟರು ನಗಲಿಲ್ಲ. ಮುಂದಿನ ಸಲ ಬರುವಷ್ಟರಲ್ಲಿ ಕಾಲು ಬಗ್ಗದಿದ್ದರೆ ಮತ್ತೆ ಮಲಗಿಸಿ, ಪ್ರಜ್ಞೆ ತಪ್ಪಿಸಿ, ಬಲವಂತವಾಗಿ ಬಗ್ಗಿಸಬೇಕಾಗುತ್ತದೆ ಎಂದರು. ಅದೂ ಕೈತಪ್ಪಿದರೆ ಇಡೀ ಬಾಳು ಕಾಲು ಚಾಚಿಯೇ ಕೂರಬೇಕು. ಮಗಳು ಶಿರಾಲಿಯ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಶನಿವಾರ ಮಗುವನ್ನು ಗಂಡನ ಹತ್ತಿರ ಬಿಟ್ಟು ಬಸ್ಸಿಗೆ ಬಂದವಳು ಚೀಲ ಇಡುವ ಮೊದಲೇ ಶುರು ಮಾಡಿದಳು.

"ಆಯಿ, ನೀ ಎಂತಕ್ಕೆ ಕಾಲು ಮಡಚ್ತಿಲ್ಲೆ? ನೋವು ಹೇಳಿ ಸುಳ್ಳು ಹೇಳಡ. ಹಲ್ಲು ಕೀಳಿಸ್ಕಂಬಕಾದ್ರೂ ಕೂಗದವಳು ನೀನು."

ನನಗೆ ಸಿಟ್ಟು ಬಂತು. ಹೇಳಬಾರದೆಂದು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಸಿಟ್ಟಿಗೇ ಹೊರಗೆ ಬಂತು. ಕಪಾಟು ತೆಗೆ, ಕೆಳಗಿನ ಅಂಕಣ, ಸೀರೆಗಳ ಹಿಂದೆ ನೋಡು ಎಂದೆ.

ಅವಳು ಟವೆಲು ತಂದು ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಬಿಚ್ಚಿದಳು.

"ಇದು ಎಂತದು?"

"ನಿನ್ನ ಅಪ್ಪಂದು. ಎನ್ನ ಕಾಲೊಳಗೂ ಇದೇ ಇದ್ದು."

"ಎಲ್ಲಾ ನೀರಿಗೆ ಬಿಟ್ಟಾಜು ಹೇಳಿದ್ದ ಚಿಕ್ಕಪ್ಪ."

"ಆನೇ ಹೇಳ್ಸಿದ್ದು."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಬಾಗಿದ ತುಂಡನ್ನು ಎತ್ತಿ ಚಪ್ಪಟೆಯದರ ಮೇಲೆ ಇಟ್ಟು ನೋಡಿದಳು. ಅದು ಕೂರಲಿಲ್ಲ, ಜಾರಿ ಬಿತ್ತು. ಮತ್ತೆ ಇಟ್ಟಳು. ಅಪ್ಪನ ಮುಖವನ್ನು ಕೊನೆಗೆ ನೋಡಲೂ ನಾವು ಬಿಡದಿದ್ದ ಮಗಳು ಅವಳು. ಆಗ ಸಿಗದ ಅಳು ಈಗ ಸಿಕ್ಕಿದ ಹಾಗೆ ಎರಡೂ ತುಂಡುಗಳನ್ನು ಮಡಿಲಲ್ಲಿ ಒತ್ತಿಹಿಡಿದು, ತಲೆ ತಗ್ಗಿಸಿ, ದೊಡ್ಡ ದನಿಯಲ್ಲಿ ಅತ್ತಳು. ನನಗೆ ತಡೆಯಲಾಗಲಿಲ್ಲ. ಅವಳ ತಲೆ ಮುಟ್ಟಲು ಕೈ ಚಾಚಿದೆ, ಎಟುಕಲಿಲ್ಲ. ಇನ್ನೂ ಮುಂದೆ ಬಾಗಿದೆ, ಎಟುಕಿತು. ಅವಳ ಕೂದಲಲ್ಲಿ ಕೈಯಿಟ್ಟು ಎಷ್ಟು ಹೊತ್ತು ಕೂತಿದ್ದೆನೋ. ಅಳು ನಿಂತ ಮೇಲೆ ಅವಳೇ ಮೊದಲು ನೋಡಿದಳು. ನನ್ನ ಬಲಗಾಲು ಮಡಚಿ, ಪಾದ ಕುರ್ಚಿಯ ಕೆಳಗೆ ಹೋಗಿತ್ತು. ಶಬ್ದ ಆಗಿತ್ತೋ ಇಲ್ಲವೋ, ನಾವಿಬ್ಬರೂ ಕೇಳಿಸಿಕೊಂಡಿರಲಿಲ್ಲ. ನೋವು ಆಮೇಲೆ ಬಂತು, ಕೆಟ್ಟ ನೋವು.

ಭಾನುವಾರ ಹೊರಡುವಾಗ ಅವಳು ಟವೆಲಿನ ಗಂಟನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಎಲ್ಲಿಡುತ್ತೀ ಎಂದು ನಾನು ಕೇಳಲಿಲ್ಲ, ಬೇಡ ಎನ್ನಲೂ ಇಲ್ಲ. ಈಗ ಕಾಲು ಬಗ್ಗುತ್ತದೆ. ಹುಡುಗಿ ಬರುವುದನ್ನು ನಿಲ್ಲಿಸಿದ್ದಾಳೆ. ನಾನು ಪೇಟೆಗೆ ಹೋಗಿ ಬರುತ್ತೇನೆ, ಟಕ್ ಎಂದರೆ ಎನ್ನಲಿ ಎಂದು ಬಿಡುತ್ತೇನೆ. ಆದರೆ ಮಗಳು ಬಂದಾಗಲೆಲ್ಲ ಒಂದನ್ನು ಗಮನಿಸಿದ್ದೇನೆ. ನಾನು ನಡೆಯುತ್ತಿದ್ದರೆ ಅವಳು ಮಾತು ನಿಲ್ಲಿಸಿ ನನ್ನ ಬಲಗಾಲನ್ನೇ ನೋಡುತ್ತಾಳೆ. ಅವಳಿಗೆ ಅಲ್ಲಿ ಕಾಣುವುದು ಏನೆಂದು ನನಗೆ ಗೊತ್ತು. ನಾನೇ ತೋರಿಸಿದ್ದು.