ಒಂಬತ್ತು ಜನರ ಶೆಡ್ಡು

ಎಪ್ಪತ್ತರ ದಶಕದಲ್ಲಿ ನಮ್ಮ ಸರ್ಕಾರಕ್ಕೆ ಕೆಲಸ ಕೊಡುವವರೆಂದರೆ ಬಹಳ ಪ್ರೀತಿ. ಒಂಬತ್ತು ಜನಕ್ಕೆ ಕೊಟ್ಟರೆ ದೂರದಿಂದಲೇ ಹರಸುತ್ತಿತ್ತು. ಹತ್ತನೆಯವನಿಗೆ ಕೊಟ್ಟರೆ ಪ್ರೀತಿ ತಡೆಯಲಾರದೆ ಸ್ಕೂಟರ್ ಹತ್ತಿ ಬಂದುಬಿಡುತ್ತಿತ್ತು.

ರಾಜಾಜಿನಗರದಲ್ಲಿ ನಮ್ಮ ಯಜಮಾನರದೊಂದು ಸಣ್ಣ ಶೆಡ್ಡಿತ್ತು; ಬಾಗಿಲ ಚಿಲಕ ಮಾಡುತ್ತಿದ್ದರು. ಕರೆಂಟಿನ ಮೆಷೀನಿಟ್ಟುಕೊಂಡು ಹತ್ತು ಜನ ದುಡಿದರೆ ಅದು ಕಾನೂನಿನ ಪ್ರಕಾರ ಫ್ಯಾಕ್ಟರಿ. ಅದಕ್ಕೆ ಲೈಸೆನ್ಸು, ನಕ್ಷೆ, ರಾಶಿ ರಿಜಿಸ್ಟರು. ನಮ್ಮ ಶೆಡ್ಡಿನಲ್ಲೋ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಿತ್ತು. ಅದಕ್ಕೇ ಲೆಕ್ಕದಲ್ಲಿ ಒಂಬತ್ತೇ ಜನ. ಅಕ್ಕಪಕ್ಕದ ಶೆಡ್ಡುಗಳಲ್ಲೂ ಒಂಬತ್ತೇ. What a coincidence!

ನಮ್ಮ ಹತ್ತನೆಯವರು ಮಿಲ್ ಮುಚ್ಚಿ ಕೆಲಸ ಕಳೆದುಕೊಂಡಿದ್ದ, ಮೂರು ಹೆಣ್ಣುಮಕ್ಕಳ ತಂದೆ. ಚಿಲಕಕ್ಕೆ ಪಾಲಿಶ್ ಹಾಕುತ್ತಿದ್ದರು. ಫ್ಯಾಕ್ಟರಿ ಇನ್ಸ್‌ಪೆಕ್ಟರರ ಸ್ಕೂಟರ್ ಬೀದಿ ತಿರುಗಿದ್ದೇ ತಡ, ಹಿಂದಿನ ಬಾಗಿಲಿಂದ ಹೊರಬಿದ್ದು ಎರಡು ಬೀದಿ ಆಚೆಯ ನಮ್ಮ ಮನೆಗೆ ಬರುತ್ತಿದ್ದರು.

“ಬಂದವ್ರೆ ಅಮ್ಮ.”

“ಒಳಗೆ ಬನ್ನಿ, ಕಾಫಿ ಕುಡಿಯಿರಿ.”

“ಸುಮ್ನೆ ಕೂತ್ಕೊಂಡು ಸಂಬಳ ತಗೊಳಕ್ಕೆ ನಾನೇನು ಗೌರ್ಮೆಂಟಾ? ಏನಾದ್ರೂ ಕೆಲ್ಸ ಕೊಡಿ.”

ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇನ್ಸ್‌ಪೆಕ್ಟರರು ಹೆಚ್ಚು ಬಂದ ವರ್ಷ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರಿಗೆ ಬರವಿರಲಿಲ್ಲ.

ಹೀಗಿರುವಾಗ ಸರ್ಕಾರದ ಇನ್ನೊಂದು ಕಚೇರಿಯಿಂದ ಒಂದು ಫಾರಂ ಬಂತು. ಹೆಚ್ಚು ಜನಕ್ಕೆ ಉದ್ಯೋಗ ಕೊಟ್ಟವರಿಗೆ ಸರ್ಕಾರ ಹಂಚುವ ಉಕ್ಕಿನ ಕೋಟಾದಲ್ಲಿ ಮೊದಲ ಮಣೆಯಂತೆ. ನನ್ನ ಇಂಗ್ಲಿಷ್ ಚೆನ್ನ, ಕೈಬರಹ ದುಂಡಗೆ ಎಂದು ಇಂಥದ್ದೆಲ್ಲ ನನ್ನ ಪಾಲಿಗೇ ಬರುತ್ತಿತ್ತು. ಎಷ್ಟು ಜನ ಎಂಬಲ್ಲಿ ಬರೆಯಲೆಂದು ಶೆಡ್ಡಿನ ಕಟ್ಟೆಯ ಮೇಲಿದ್ದ ಊಟದ ಡಬ್ಬಿ ಎಣಿಸಿದೆ. ಹತ್ತು. ಸುಳ್ಳು ಬರೆದ ಕೈಗೆ ಸ್ಕೇಲಿನಲ್ಲಿ ಬಾರಿಸುತ್ತಿದ್ದ ಕಾನ್ವೆಂಟಿನ ಸಿಸ್ಟರ್ ನೆನಪಾದರು. Ten persons ಎಂದು ಬರೆದು, ಯಜಮಾನರಿಗೂ ತೋರಿಸದೆ ಪೋಸ್ಟ್ ಮಾಡಿದೆ.

ಎರಡು ಕಚೇರಿಗಳು ಒಂದಕ್ಕೊಂದು ಕಾಗದ ಕಳಿಸಿದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ಇನ್ಸ್‌ಪೆಕ್ಟರರು ನನ್ನ ಕಾಗದ ಹಿಡಿದೇ ಬಂದರು. “ಹ್ಯಾಂಡ್‌ರೈಟಿಂಗ್ ತುಂಬಾ ಚೆನ್ನಾಗಿದೆ ಸಾರ್. ಹತ್ತನೆಯವ್ರು ಎಲ್ಲಿ?”

ಹತ್ತನೆಯವರು ನಮ್ಮ ಮೆಟ್ಟಿಲ ಮೇಲಿದ್ದರು.

ಯಜಮಾನರು ಮನೆಗೆ ಬಂದು ಹೇಳಿದ್ದು ಇಷ್ಟೇ: “ಕಾನ್ವೆಂಟ್‌ನಲ್ಲಿ ಎಣಿಸೋದು ಚೆನ್ನಾಗೇ ಕಲ್ಸಿದಾರೆ ಕಣೇ.”

ಕೈತಪ್ಪಿನಿಂದ ಹತ್ತೆಂದು ಬರೆದೆ, inadvertent error, ಎಂದು ಇನ್ಸ್‌ಪೆಕ್ಟರರ ಕಚೇರಿಗೆ ಇನ್ನೊಂದು ಕಾಗದ ಬರೆದೆ. ನಾನು ಬರೆದದ್ದರಲ್ಲೆಲ್ಲ ಅತ್ಯುತ್ತಮ ಇಂಗ್ಲಿಷ್ ಅದೇ ಇರಬೇಕು. ಆಮೇಲೂ ಹತ್ತನೆಯವರನ್ನು ಇಟ್ಟುಕೊಳ್ಳುವ ಧೈರ್ಯ ಯಜಮಾನರಿಗಿರಲಿಲ್ಲ.

ಹೊರಡುವ ದಿನ ಅವರು ಖಾಲಿ ಡಬ್ಬಿ ಹಿಡಿದು ಬಂದರು. ನನಗೆ ತಲೆಯೆತ್ತಲಾಗಲಿಲ್ಲ.

“ಬೇಜಾರು ಮಾಡ್ಕೋಬೇಡಿ ಅಮ್ಮ. ಈ ಮೂರು ವರ್ಷದಲ್ಲಿ ನನ್ನನ್ನ ಲೆಕ್ಕಕ್ಕೆ ತಗೊಂಡಿದ್ದು ನೀವೊಬ್ರೇ.”

ಮೊದಲು ಕಳಿಸಿದ ಫಾರಂಗೆ ಉತ್ತರ ಆರು ತಿಂಗಳ ಮೇಲೆ ಬಂತು. ಹತ್ತು ಜನಕ್ಕೆ ಉದ್ಯೋಗ ಕಲ್ಪಿಸಿದ್ದಕ್ಕೆ ಮೆಚ್ಚುಗೆಯ ಸರ್ಟಿಫಿಕೇಟು, ಸೀಲು ಸಮೇತ. ಯಜಮಾನರು ಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದರು. ಕೆಳಗೆ ಕಟ್ಟೆಯ ಮೇಲೆ ಒಂಬತ್ತು ಡಬ್ಬಿ.